ಹಾಜರಿಯ ಗೆರೆಯಲ್ಲಿ ಆರು ಗುಳಿ

ಕೆಂಪಯ್ಯನ ಮನೆಯಲ್ಲಿ ಮಗಳ ಓದಿಗೆ ಒಂದು ಗಡುವು ಇತ್ತು. ಪುಟ್ಟಮಾದಮ್ಮ ಮೈನೆರೆಯುವ ತನಕ ಶಾಲೆಗೆ ಹೋಗಬಹುದು. ನೆರೆದ ದಿನ ಪುಸ್ತಕ ಅಟ್ಟಕ್ಕೆ. ಇದನ್ನು ಯಾರೂ ಗಟ್ಟಿಯಾಗಿ ಸಾರಿರಲಿಲ್ಲ. ಮನೆಯ ಬಾಗಿಲು ಪೂರ್ವಕ್ಕಿದೆ ಅನ್ನುವಷ್ಟು ಸಹಜವಾಗಿ ಎಲ್ಲರಿಗೂ ಅದು ಗೊತ್ತಿತ್ತು. ಗಡುವು ಮುಟ್ಟುವ ಮೊದಲೇ ಹುಡುಗಿ ಎಂಟನೇ ತರಗತಿಗೆ ಬಂದುಬಿಟ್ಟಿದ್ದಳು. ಮಾರ್ಚಿನಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿ ಲೋಯರ್ ಸೆಕೆಂಡರಿ ಪರೀಕ್ಷೆ ಬರೆದರೆ, ಪಾಸಾದರೆ, ಮೈಸೂರಿನಲ್ಲಿ ಮೇಷ್ಟ್ರ ತರಬೇತಿಗೆ ಸೇರಬಹುದಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಊಟ, ವಸತಿ ಸರ್ಕಾರದ್ದೇ. ಇದು ಸಾವಿರದ ಒಂಬೈನೂರ ಐವತ್ತೈದನೇ ಇಸವಿಯ ಮಾತು.

ರಾವಂದೂರು ಹೋಬಳಿಯ ಆ ಊರಿನಲ್ಲಿ ಶಾಲೆಗೆ ಕಟ್ಟಡ ಇರಲಿಲ್ಲ. ತಳಪಾಯ ಹಾಕಿದ್ದರು, ಅದರ ಮೇಲೆ ತುಂಬೆಗಿಡ ಬೆಳೆದಿತ್ತು. ದೊಡ್ಡ ತರಗತಿಗಳೆಲ್ಲ ಬಸವಣ್ಣನ ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿದ್ದವು. ಎಂಟನೇ ತರಗತಿಯಲ್ಲಿ ಇಪ್ಪತ್ತಾರು ಹುಡುಗರು, ಮೂವರು ಹುಡುಗಿಯರು: ಪುಟ್ಟಮಾದಮ್ಮ, ಅಂಗಡಿ ಷಣ್ಮುಖಪ್ಪನ ಮಗಳು ಮಂಗಳಗೌರಿ, ಮತ್ತೆ ಪ್ರೇಮಮ್ಮ.

ವೀರಭದ್ರಸ್ವಾಮಿ ಮೇಷ್ಟ್ರು ಆ ಜೂನ್‌ನಲ್ಲಿ ಹೊಸದಾಗಿ ಬಂದವರು. ಇಪ್ಪತ್ತನಾಲ್ಕರ ವಯಸ್ಸು, ಮದುವೆ ಆಗಿರಲಿಲ್ಲ. ಲೆಕ್ಕವೆಂದರೆ ಮಗ್ಗಿ ಒಪ್ಪಿಸುವುದು ಅಂದುಕೊಂಡಿದ್ದ ಮಕ್ಕಳನ್ನು ಅವರು ಪಿರಿಯಾಪಟ್ಟಣದ ರಸ್ತೆಗೆ ಕರೆದೊಯ್ದು, ಹೋಗುವ ಬರುವ ಗಾಡಿಗಳನ್ನು ಎಣಿಸಲು ಹೇಳಿದರು. ಪುಟ್ಟಮಾದಮ್ಮ ಒಂದು ದಿನ ನೂರ ಹನ್ನೆರಡು ಗಾಡಿ ಎಣಿಸಿ, ಅದನ್ನು ಮುನ್ನೂರ ಅರವತ್ತೈದರಿಂದ ಗುಣಿಸಿ, ವರ್ಷದ ಮೊತ್ತ ತಂದು ಒಪ್ಪಿಸಿದಳು.

"ಯಾವತ್ತು ಎಣಿಸಿದೆ?" ಅಂದರು ಮೇಷ್ಟ್ರು.

"ಸಂತೆ ದಿನ ಸಾರ್."

"ಮದುವೆಮನೆ ಊಟ ನೋಡಿ ಇವರ ಮನೇಲಿ ದಿನಾ ಪಾಯಸ ಅಂದಂಗಾಯ್ತು."

ತರಗತಿ ನಕ್ಕಿತು. ಮರುದಿನದಿಂದ ಅವಳು ಏಳೂ ದಿನ ಎಣಿಸಿದಳು. ಸೋಮವಾರ ಒಂಬತ್ತೇ ಗಾಡಿ. ಆ ಒಂಬತ್ತನ್ನು ಬರೆಯುವಾಗ ಅವಳಿಗೆ ಏನೋ ಹೊಸದು ಕೈಗೆ ಸಿಕ್ಕಂತಾಯಿತು. ಎಣಿಕೆ ಸುಳ್ಳಲ್ಲದಿದ್ದರೂ ಅದರಿಂದ ಸುಳ್ಳು ಹುಟ್ಟಬಹುದು, ಎಲ್ಲಿ ನಿಂತು ಯಾವಾಗ ಎಣಿಸಿದೆ ಎಂಬುದೂ ಲೆಕ್ಕದೊಳಗೇ ಸೇರುತ್ತದೆ ಅನ್ನುವುದು.

ಆಮೇಲೆ ಮೇಷ್ಟ್ರು, ನಿಮ್ಮ ಮನೆಯಲ್ಲಿ ಏನಾದರೂ ಒಂದನ್ನು ಒಂದು ವಾರ ಎಣಿಸಿ ತನ್ನಿ ಅಂದರು. ಹುಡುಗರು ಕೋಳಿ, ಕುರಿ, ಹಲಸಿನಕಾಯಿ ಎಣಿಸಿದರು. ಪುಟ್ಟಮಾದಮ್ಮ ನೀರು ಎಣಿಸಿದಳು. ಬಾವಿಯಿಂದ ಒಂದು ಕೊಡ ಬಂದರೆ ಒಂದು ಹುಣಸೆಬೀಜ ಚಿಪ್ಪಿಗೆ.

"ಎಣಿಸಿದ್ರೆ ಒಂದು ಕೊಡ ಕಮ್ಮಿ ಆದದಾ?" ಅಂದಳು ಅವ್ವ ಕುಳ್ಳಮ್ಮ, ಸೊಂಟದ ಕೊಡ ಇಳಿಸುತ್ತ.

"ಕಮ್ಮಿ ಆಗಕಿಲ್ಲ ಕಣವ್ವ. ಎಷ್ಟು ಅಂತ ಗೊತ್ತಾಯ್ತದೆ."

"ನನ್ ಸೊಂಟಕ್ಕೆ ಗೊತ್ತದೆ ಬುಡು."

ದಿನಕ್ಕೆ ಹದಿನೈದು ಕೊಡ. ಮನೆಯಲ್ಲಿ ಐದು ಜನ: ಅಪ್ಪ, ಚಿಕ್ಕಪ್ಪ, ಅಜ್ಜಿ ಚಿಕ್ಕಬೀರಮ್ಮ, ಅವ್ವ, ಅವಳು. ಸರಾಸರಿ ತಲೆಗೆ ಮೂರು ಕೊಡ. ರಾತ್ರಿ ಊಟಕ್ಕೆ ಕೂತಾಗ ಅವಳು ಇದನ್ನು ಓದಿ ಹೇಳಿದಳು.

"ಅಂಗಾರೆ ನಾನೂ ದಿನಾ ಮೂರು ಕೊಡ ಹೊರ್ತೀನಿ ಅನ್ನು," ಅಂದ ಕೆಂಪಯ್ಯ. "ಗೊತ್ತೇ ಇರ್ಲಿಲ್ವಲ್ಲ."

"ಅದ್ಕೇ ಕಣಣ್ಣೋ ನಂಗೆ ಭುಜ ನೋಯ್ತಿದ್ದುದ್ದು," ಅಂದ ಚಿಕ್ಕಪ್ಪ.

ಕುಳ್ಳಮ್ಮ ಒಬ್ಬಳೇ ನಗಲಿಲ್ಲ. ಅವಳು ಒಲೆಯ ಮುಂದೆ ಎರಡನೇ ಸಲದ ಹಿಟ್ಟು ತಿರುವುತ್ತಿದ್ದಳು. ಹುಡುಗಿ ತನ್ನ ಪುಸ್ತಕದಲ್ಲಿ ಹೊತ್ತವರ ಹೆಸರಿನ ಮುಂದೆ ಕೊಡಗಳನ್ನು ಬಿಡಿಸಿದಳು. ಅವ್ವನ ಮುಂದೆ ಹತ್ತು, ತನ್ನ ಮುಂದೆ ಐದು, ಉಳಿದ ಮೂವರ ಮುಂದೆ ಬರೀ ಹಾಳೆ. ಕೆಳಗೆ ಬರೆದಳು: ಸರಾಸರಿ ಹಾಕಿದರೆ ಹೊತ್ತವರು ಕಾಣುವುದಿಲ್ಲ. ಮೇಷ್ಟ್ರು ಆ ಸಾಲನ್ನು ಎರಡು ಸಲ ಇಡೀ ತರಗತಿಗೆ ಓದಿ ಹೇಳಿದರು.

ಜುಲೈ ಹನ್ನೊಂದು, ಸೋಮವಾರ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಾಗ ಅವಳು ಮೈನೆರೆದಳು.

ಅವ್ವನನ್ನು ಕೂಗಿದಳು. ಕುಳ್ಳಮ್ಮ ಬಂದು ನೋಡಿದಳು. ಆ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದ ಕುಳ್ಳಮ್ಮ ಯಾವುದನ್ನೂ ತಾನಾಗಿ ತೀರ್ಮಾನ ಮಾಡಿದವಳಲ್ಲ. ಅಂದಿನ ಸಾರಿಗೆ ಸೊಪ್ಪೋ ಕಾಳೋ ಎಂಬುದನ್ನೂ ಅತ್ತೆಯನ್ನು ಕೇಳಿಯೇ ಹಾಕುವವಳು. ಆವತ್ತು ಸಗಣಿಯ ಮಂಕರಿಯನ್ನು ಮಗಳ ಕೈಯಿಂದ ತೆಗೆದುಕೊಂಡು ಹೇಳಿದಳು:

"ಯಾರ ತಾವೂ ಬಾಯಿ ಬುಡಬ್ಯಾಡ. ಮಾರ್ಚಿ ಗಂಟ ತಡ್ಕೊಂಡ್ರೆ ಸಾಕಲ್ವಾ?"

"ಸಾಕು ಕಣವ್ವ."

"ಜನಕ್ಕೆ ಸುಳ್ಳು ಯೋಳಾನ. ದೇವ್ರಿಗೆ ಆಯ್ತದಾ? ಮೂರು ದಿನ ನೀನು ಗುಡಿ ಮೆಟ್ಲು ಹತ್ತಂಗಿಲ್ಲ."

ಗುಡಿಯ ಮೆಟ್ಟಿಲು ಹತ್ತದೆ ಶಾಲೆ ಇರಲಿಲ್ಲ. ಹಾಗೆ ತಿಂಗಳಿಗೆ ಮೂರು ದಿನ ಅವಳ ಹಾಜರಿ ತಪ್ಪತೊಡಗಿತು. ಕುಳ್ಳಮ್ಮ ಪ್ರತಿಸಲ ಬೇರೆ ನೆಪ ಹುಡುಕಿದಳು. ಒಮ್ಮೆ ಹೊಲದಲ್ಲಿ ಹಕ್ಕಿ ಕಾಯಲು, ಒಮ್ಮೆ ಸೌದೆಗೆ, ಒಮ್ಮೆ ಈಯುವ ಎಮ್ಮೆಯನ್ನು ನೋಡಿಕೊಳ್ಳಲು. ಆ ದಿನಗಳಲ್ಲಿ ಹುಡುಗಿ ಕುಡಿಯುವ ನೀರು ಮುಟ್ಟುವಂತಿಲ್ಲ, ಒಲೆಯ ಹತ್ತಿರ ಸುಳಿಯುವಂತಿಲ್ಲ. ಹೊರಗಾದ ಹೆಂಗಸಿಗೆ ಬೇರೆ ಮನೆಗಳಲ್ಲಿ ತಿಂಗಳಿಗೆ ಮೂರು ದಿನವಾದರೂ ಒಲೆಯಿಂದ ಬಿಡುವು ಸಿಗುತ್ತಿತ್ತು. ಗುಟ್ಟಿನಲ್ಲಿ ಹೊರಗಾದವಳಿಗೆ ಅದೂ ಇಲ್ಲ. ಹೊಲದ ಕೆಲಸ ಮಗಳಿಗೆ, ಮನೆಯ ಎಲ್ಲ ಕೆಲಸ ತಾಯಿಗೆ. ಹದಿನೈದೂ ಕೊಡ ಕುಳ್ಳಮ್ಮನ ಸೊಂಟಕ್ಕೆ ಬಂದವು. ಮಗಳ ಬಟ್ಟೆಯನ್ನು ತನ್ನದರ ಜೊತೆ ಸೇರಿಸಿ ಕೆರೆಯ ಆಚೆ ದಡದಲ್ಲಿ ಒಗೆದಳು. ನಾಲ್ಕನೇ ದಿನ ತಲೆಗೆ ನೀರು ಹುಯ್ಯುವಾಗ, "ಹೇನಾಗವೆ ಕಣತ್ತೆ," ಅಂದಳು. ಮಡಿಯಲ್ಲಿ ಒಂದು ತಪ್ಪೂ ಮಾಡಲಿಲ್ಲ.

ಡಿಸೆಂಬರ್ ಕೊನೆಗೆ ಮೇಷ್ಟ್ರಿಗೆ ಕಾಗದ ಬಂತು. ಜನವರಿಯಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ, ಮಕ್ಕಳ ಹಾಜರಿಯ ನಕ್ಷೆ ತಯಾರಿಸಿ ಗೋಡೆಗೆ ಹಾಕಬೇಕು, ಹೆಣ್ಣುಮಕ್ಕಳದು ಬೇರೆ ತೋರಿಸಬೇಕು. ಮೇಷ್ಟ್ರು ಹಿಂದೆ ಮುಂದೆ ನೋಡದೆ ಆ ಕೆಲಸವನ್ನು ಪುಟ್ಟಮಾದಮ್ಮನಿಗೆ ಕೊಟ್ಟರು. ನಾಲ್ಕು ಹಾಳೆ ಅಂಟಿಸಿ, ಚೌಕುಳಿ ಗೆರೆ ಹಾಕಿ, ಹುಡುಗರಿಗೆ ಕೆಂಪು ಶಾಯಿ, ಹುಡುಗಿಯರಿಗೆ ನೀಲಿ ಶಾಯಿ ಎಂದು ಗೊತ್ತುಮಾಡಿದರು. ಒಂದು ಮನೆಗೆ ಒಂದು ದಿನ. ಭಾನುವಾರಗಳನ್ನೂ ರಜೆಗಳನ್ನೂ ಬಿಟ್ಟುಬಿಡೋಣ, ಹಾಳೆ ಉಳಿಯುತ್ತದೆ ಅಂದ ಒಬ್ಬ ಹುಡುಗ. ಬೇಡ ಅಂದವಳು ಪುಟ್ಟಮಾದಮ್ಮನೇ. ಹಾಗೆ ಬಿಟ್ಟರೆ ದೂರದ ದಿನಗಳು ಹತ್ತಿರದವೆಂದು ಕಾಣುತ್ತವೆ, ಖಾಲಿ ಮನೆಗಳೂ ಇರಲಿ ಎಂದಳು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ಹುಡುಗರ ಚುಕ್ಕೆಗಳನ್ನು ಇಟ್ಟಾಗ ಗೆರೆ ಏರಿತು, ಇಳಿಯಿತು. ರಾಗಿ ಕೊಯ್ಲಿನಲ್ಲಿ ಇಪ್ಪತ್ತಾರರಿಂದ ಒಂಬತ್ತಕ್ಕೆ ಬಿತ್ತು. ಇಪ್ಪತ್ತಾರು ಹುಡುಗರಲ್ಲಿ ಇಬ್ಬರು ಬರದಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಆಮೇಲೆ ನೀಲಿ ಶಾಯಿ ತೆಗೆದುಕೊಂಡಳು. ಮೂರು, ಮೂರು, ಮೂರು. ಜುಲೈ ಹನ್ನೊಂದಕ್ಕೆ ಎರಡು. ಮೂರು ದಿನ ಎರಡು, ಆಮೇಲೆ ಮೂರು. ಆಗಸ್ಟಿನಲ್ಲಿ ಮತ್ತೆ ಮೂರು ದಿನ. ಸೆಪ್ಟೆಂಬರಿಗೆ ಬಂದಾಗ ಲೇಖನಿ ನಿಲ್ಲಿಸಿ, ಗೆರೆ ಇಳಿದ ಗುಳಿಯಿಂದ ಗುಳಿಗೆ ಮನೆ ಎಣಿಸಿ ನೋಡಿದಳು. ಮಂಗಳಗೌರಿಯ ಜ್ವರ ಎಲ್ಲೋ ಒಂದು ಕಡೆ ಇತ್ತು, ಪ್ರೇಮಮ್ಮ ಅಕ್ಕನ ಬಾಣಂತನಕ್ಕೆ ನಿಂತ ಹತ್ತು ದಿನ ಇನ್ನೊಂದು ಕಡೆ. ಅವಕ್ಕೆ ಹಿಂದೆ ಮುಂದೆ ಇರಲಿಲ್ಲ. ಇವಳ ಗುಳಿಗಳು ಮಾತ್ರ ಬೇಲಿಯ ಗೂಟಗಳ ಹಾಗೆ ಸಮದೂರದಲ್ಲಿ ನಿಂತಿದ್ದವು. ಕ್ರಿಸ್‌ಮಸ್ ರಜೆಯೊಳಗೆ ಒಂದು ಮರೆಯಾಗಿ, ಉಳಿದವು ಆರು.

"ಸಾರ್, ಹುಡುಗರು ಹುಡುಗಿಯರು ಸೇರಿಸಿ ಒಂದೇ ಗೆರೆ ಎಳೀಲಾ?" ಎಂದು ಕೇಳಿದಳು.

"ಹೆಣ್ಣುಮಕ್ಕಳದು ಬೇರೆ ಬೇಕು ಅಂತ ಕಾಗದದಲ್ಲೇ ಇದೆಯಲ್ಲಮ್ಮ."

"ಹಂಗಾದ್ರೆ ತಿಂಗಳಿಗೊಂದು ಸರಾಸರಿ ಹಾಕ್ತೀನಿ."

ಮೇಷ್ಟ್ರು ನಕ್ಕರು. "ಸರಾಸರಿ ಹಾಕಿದರೆ ಹೊತ್ತವರು ಕಾಣಲ್ಲ ಅಂತ ಬರೆದವಳು ನೀನೇ. ಈಗ ಬೇಜಾರಾಯ್ತಾ?"

ಅವಳು ಆ ಹಾಳೆಯನ್ನು ಮಡಿಸಿಟ್ಟಳು. ಮರುದಿನ ಹೊಸ ಹಾಳೆಯಲ್ಲಿ ಪ್ರತಿ ತಿಂಗಳ ಮೂರು ದಿನಗಳನ್ನು ಬಿಡಿಬಿಡಿಯಾಗಿ ಚೆಲ್ಲಿದಳು. ಒಂದು ಚುಕ್ಕೆ ಐದನೇ ತಾರೀಖಿಗೆ, ಒಂದು ಹದಿನೇಳಕ್ಕೆ, ಒಂದು ಇಪ್ಪತ್ತಾರಕ್ಕೆ. ಗೆರೆ ಅಲ್ಲಲ್ಲಿ ಚೂರು ಚೂರು ಇಳಿದು ಏರಿತು. ನೋಡಲು ಎಲ್ಲರ ಗೈರುಹಾಜರಿಯ ಹಾಗೆಯೇ ಕಂಡಿತು. ಆದರೆ ವೀರಭದ್ರಸ್ವಾಮಿ ಮೇಷ್ಟ್ರು ಸೋಮಾರಿಯಾಗಿರಲಿಲ್ಲ. ಸಂಜೆ ಕೂತು ಹಾಜರಿ ಪುಸ್ತಕದ ಜೊತೆ ಒಂದೊಂದೇ ಚುಕ್ಕೆಯನ್ನು ತಾಳೆ ನೋಡಿದರು. ಹದಿನೆಂಟು ತಪ್ಪು ಸಿಕ್ಕವು. ಅವರೇ ಬ್ಲೇಡಿನಿಂದ ಹೆರೆದು, ಅವರೇ ಸರಿ ಜಾಗದಲ್ಲಿ ಚುಕ್ಕೆ ಇಟ್ಟು, ಗೆರೆ ಎಳೆದರು.

"ನಿನ್ನಿಂದ ಇಂಥ ಅಜಾಗರೂಕತೆ ನಿರೀಕ್ಷಿಸಿರಲಿಲ್ಲ," ಅಂದರು ಬೆಳಿಗ್ಗೆ. "ಅದೂ ಎಲ್ಲ ನಿನ್ನ ಹಾಜರಿಯಲ್ಲೇ."

ಎಲ್ಲ ಅವಳದೇ ಎಂದು ನೋಡಿದರೂ, ಏಕೆ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆಯುವಂಥದ್ದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ನಕ್ಷೆ ಗುಡಿಯ ಕಂಬಕ್ಕೆ ಏರಿತು. ಇನ್‌ಸ್ಪೆಕ್ಟರು ಬುಧವಾರ ಬರುವವರಿದ್ದರು. ಅಷ್ಟರೊಳಗೆ ಮಕ್ಕಳಿಗೆ ವಿವರಿಸಿ ಅಭ್ಯಾಸವಾಗಲಿ ಎಂದು, ದೀಪಕ್ಕೆ ಎಣ್ಣೆ ಹಾಕಲು ಬಂದ ಹೆಂಗಸರಿಗೇ ತೋರಿಸಿ ಎಂದರು ಮೇಷ್ಟ್ರು. ಪುಟ್ಟಮಾದಮ್ಮ ನಕ್ಷೆ ತೋರಿಸುವ ಕೋಲು ಮುಟ್ಟಲು ಒಲ್ಲೆ ಎಂದು ಹಿಂದೆ ಸರಿದಳು. ಕೋಲು ಮಂಗಳಗೌರಿಯ ಕೈಗೆ ಬಂತು. ಹೆಂಗಸರ ಮುಂದಿನ ಸಾಲಿನಲ್ಲಿ ಎಣ್ಣೆಯ ಗಿಂಡಿ ಹಿಡಿದು ಅಜ್ಜಿ ಚಿಕ್ಕಬೀರಮ್ಮ ನಿಂತಿದ್ದಳು.

"ಒಂದು ಮನೆ ಅಂದ್ರೆ ಒಂದು ದಿನ ಕಣಜ್ಜಿ. ಗೆರೆ ಇಳಿದ್ರೆ ಯಾರೋ ಬಂದಿಲ್ಲ ಅಂತ," ಅಂದಳು ಮಂಗಳಗೌರಿ.

"ಇಲ್ಯಾಕೆ ಇಂಗೆ ಪಾತಾಳಕ್ಕೆ ಬಿದ್ದದೆ?"

"ಅದು ಹುಡುಗರದು. ರಾಗಿ ಕುಯ್ಲು."

"ಓದೋ ನನ್ಮಕ್ಳು ಕುಡುಗೋಲು ಇಡ್ಕೊಂಡ್ರಾ, ಪರವಾಗಿಲ್ಲ," ಅಂದಳು ಅಜ್ಜಿ. ಹೆಂಗಸರು ನಕ್ಕರು. "ಈ ಸಣ್ಣ ಸಣ್ಣ ಗುಳಿ ಏನವ್ವ?"

"ಅವು ನಮ್ಮವು. ಇದು ನಂಗೆ ಜ್ವರ ಬಂದಾಗ. ಇದು ಪ್ರೇಮಮ್ಮ, ಅಕ್ಕನ ಬಾಣಂತನ. ಇದು ಪುಟ್ಟಮಾದಿ, ಹಕ್ಕಿ ಕಾಯಕ್ಕೋಗಿದ್ಲು. ಇದೂ ಅವಳೇ. ಇದೂ ಅವಳೇ."

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಮುಂದೆ ಬಂದು ಒಂದು ಗುಳಿಯ ಮೇಲೆ ಬೆರಳಿಟ್ಟಳು. ಅಲ್ಲಿಂದ ಮುಂದಿನ ಗುಳಿಯವರೆಗೆ ಮನೆಮನೆ ದಾಟುತ್ತ ಹೋದಳು. ಇನ್ನೊಂದು ಕೈಯ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಓಡಿತು. ಹನ್ನೆರಡು ಗೆಣ್ಣು ಒಂದು ಸುತ್ತು. ಎರಡು ಸುತ್ತು, ಮೇಲೆ ನಾಲ್ಕು. ಮುಂದಿನದಕ್ಕೂ ಎರಡು ಸುತ್ತು, ಮೇಲೆ ನಾಲ್ಕು. ಮೂವತ್ತೈದು ವರ್ಷ ತನ್ನ ಮೈಯನ್ನು ಹೀಗೆಯೇ ಎಣಿಸಿದವಳಿಗೆ ಮೂರನೆಯದನ್ನು ಎಣಿಸುವ ಅಗತ್ಯ ಇರಲಿಲ್ಲ. ಅಷ್ಟರಲ್ಲಿ ಅವಳ ಹಿಂದೆ ನಿಂತಿದ್ದವಳೊಬ್ಬಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದವಳನ್ನು ತಿವಿದಳು. ಆ ಪಡಸಾಲೆಯಲ್ಲಿ ಅದನ್ನು ಓದಲು ಬಾರದಿದ್ದವರು ಮೇಷ್ಟ್ರು ಮತ್ತು ಇಪ್ಪತ್ತಾರು ಹುಡುಗರು ಮಾತ್ರ.

ಅಜ್ಜಿ ಎಂದಿನಂತೆ ದೀಪಕ್ಕೆ ಎಣ್ಣೆ ಹಾಕಿದಳು. ಮನೆಗೆ ಬಂದು, ಜಗಲಿಯ ಮೇಲೆ ಕೂತು ಸೊಸೆಯನ್ನು ಕರೆದಳು.

"ಯಾವಾಗ ಆದ್ಲು?"

ಕುಳ್ಳಮ್ಮ ಮೊರ ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ. "ಮುಂಗಾರಲ್ಲಿ ಕಣತ್ತೆ."

"ಮೂರು ದಿನ ನೀರು ಮುಟ್ಟಿದ್ಲಾ?"

"ಇಲ್ಲ. ಎಲ್ಲಾನೂ ನಾನೇ ತಂದೆ. ಗುಡಿ ಮೆಟ್ಲೂ ಹತ್ತುಸ್ಲಿಲ್ಲ."

"ಅದ್ಕೇ ಸಿಕ್ಕಾಕ್ಕೊಂಡೆ," ಅಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಇತ್ತು. "ನಾನೊಬ್ಳೇ ಕಂಡಿದ್ರೆ ಮಾರ್ಚಿ ಗಂಟ ಕಣ್ಣು ಮುಚ್ಕೊಂಡಿರ್ತಿದ್ನೋ ಏನೋ. ಊರೇ ಕಂಡದೆ. ಕೆಂಪಯ್ಯಂಗೆ ಯೋಳ್ದೆ ಇರಕ್ಕಾಯ್ತದಾ?"

ಕೆಂಪಯ್ಯ ಹೆಂಡತಿಯ ಮೇಲೆ ಕೈ ಎತ್ತಲಿಲ್ಲ, ಕೂಗಾಡಲಿಲ್ಲ. ಗುಡ್ಲು ಹಾಕಿಸಬೇಕು, ನಿನ್ನ ತಮ್ಮನಿಗೆ ಹೇಳಿಕಳಿಸು ಅಂದ, ಅಷ್ಟೆ. ನೆರೆದ ಹುಡುಗಿಗೆ ಹಸಿರು ಸೊಪ್ಪಿನ ಗುಡ್ಲು ಹಾಕುವುದು ಸೋದರಮಾವನ ಕೆಲಸ. ಕೋಟೆ ಸೀಮೆಯಿಂದ ಕುಳ್ಳಮ್ಮನ ತಮ್ಮ ಚಿಕ್ಕಮಾದು ಸೊಪ್ಪು ಹೊತ್ತು ಬಂದ. ಹೆಂಡತಿ ಸತ್ತು ವರ್ಷವಾಗಿತ್ತು. ಐದು ವರ್ಷದ ಮಗಳಿದ್ದಳು. "ಆರು ತಿಂಗಳು ತಡವಾಗಿ ಗುಡ್ಲು ಹಾಕ್ತಾ ಇರೋ ಮಾವ ನಾನೊಬ್ನೇ ಇರ್ಬೇಕು," ಎಂದು ನಗೆಯಾಡಿದ. ಒಳಗೆ ಕೂತ ಪುಟ್ಟಮಾದಮ್ಮನಿಗೆ ಹೆಂಗಸರು ಕೊಬ್ಬರಿ ಬೆಲ್ಲ, ಚಿಗಳಿ ಉಂಡೆ ತಿನ್ನಿಸಿದರು.

ಆ ಹೊತ್ತಿಗೂ ತಾಯಿ ಮಗಳಿಗೆ ಒಂದು ದಾರಿ ಕಾಣುತ್ತಿತ್ತು. ಕೃಷ್ಣರಾಜನಗರದ ಕಡೆಯಿಂದ, ಚುಂಚನಕಟ್ಟೆ ನಾಲೆಯ ಗದ್ದೆಯವರು ಹುಡುಗಿಯನ್ನು ಕೇಳಿಕಳಿಸಿದ್ದರು. ಮದುವೆ ವೈಶಾಖದಲ್ಲಿ ಸಾಕು ಅಂದಿದ್ದರು. ವೈಶಾಖ ಬರುವುದು ಪರೀಕ್ಷೆ ಮುಗಿದ ಮೇಲೆ. ಒಂದು ವಾರ ಪಿರಿಯಾಪಟ್ಟಣಕ್ಕೆ ಹೋಗಿ ಬರೆದು ಬರಲಿ ಎಂದು ಕುಳ್ಳಮ್ಮ ಗಂಡನನ್ನು ಹೇಗೋ ಒಪ್ಪಿಸಿದಳು. ಅವಳಿಗೆ ಬಾಯಿ ಬಂದಿತ್ತು, ಆ ಆರು ತಿಂಗಳಲ್ಲಿ.

ಆದರೆ ಗಂಡಿನ ಕಡೆಯ ಜೋಯಿಸರು ಹುಡುಗಿ ನೆರೆದ ದಿನ ಕೇಳಿದರು. ತಿಥಿ, ನಕ್ಷತ್ರ ನೋಡಬೇಕಿತ್ತು. ಕುಳ್ಳಮ್ಮ, "ಮುಂಗಾರಲ್ಲಿ, ನೆಪ್ಪಿಲ್ಲ," ಅಂದಳು. ಅವಳಿಗೆ ಚೆನ್ನಾಗಿ ನೆನಪಿತ್ತು. ಕೆಂಪಯ್ಯ ತಲೆಗೆ ವಸ್ತ್ರ ಸುತ್ತಿಕೊಂಡು ಶಾಲೆಗೆ ಹೋದ.

"ಮೇಷ್ಟ್ರೆ, ಆ ನಕ್ಷೆಯಲ್ಲಿ ನಮ್ಮ ಹುಡುಗೀದು ಮೊದಲ್ನೇ ಗುಳಿ ಯಾವತ್ತು ಬಿದ್ದದೆ?"

"ಯಾಕೆ ಕೆಂಪಯ್ಯನವರೇ?"

"ಅವತ್ತೇ ಅಲ್ವಾ ಅವ್ಳು ದೊಡ್ಡೋಳಾದುದ್ದು. ದಿನ ಬೇಕು."

ಮೇಷ್ಟ್ರು ಕಂಬದ ಕಡೆ ತಿರುಗಿದರು. ಇನ್‌ಸ್ಪೆಕ್ಟರು ಮೆಚ್ಚಿ ಅದರ ಮೂಲೆಯಲ್ಲಿ ಸಹಿ ಹಾಕಿ ಹೋಗಿದ್ದರು. ತಾವು ಹೆರೆದ ಹದಿನೆಂಟು ಗುರುತುಗಳೂ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತಿದ್ದವು. ಅವುಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ, "ಪರೀಕ್ಷೆಗೆ ಇನ್ನು ಏಳೇ ವಾರ ಇದೆ. ಇಡೀ ತರಗತಿಯಲ್ಲಿ ಅವಳಂಥ ತಲೆ ಇನ್ನೊಂದಿಲ್ಲ," ಅಂದರು.

"ಬರೀಲಿ ಬುಡಿ ಮೇಷ್ಟ್ರೆ, ಬ್ಯಾಡ ಅಂದಿಲ್ಲ. ದಿನ ಯೋಳಿ."

ಹಾಗಿದ್ದರೆ ಸರಿ ಎಂದು ಅವರಿಗೆ ಸಮಾಧಾನವಾಯಿತು. ಹಾಜರಿ ಪುಸ್ತಕ ತೆಗೆದು, ಒಂದು ಚೀಟಿಯಲ್ಲಿ ದಿನ, ತಾರೀಖು, ವಾರ ಸ್ಪಷ್ಟವಾಗಿ ಬರೆದುಕೊಟ್ಟರು. ಜೋಯಿಸರು ಚೀಟಿ ನೋಡಿ ಪಂಚಾಂಗ ತಿರುವಿದರು. ಆಷಾಢ, ಅದರಲ್ಲೂ ಕೃಷ್ಣಪಕ್ಷ. ಗಂಡಿನ ಮನೆಗೆ ಆಗಿಬರುವುದಿಲ್ಲ ಅಂದರು. ನಾಲೆ ಬಯಲಿನವರು ಅಡಿಕೆ ಎಲೆ ಮುಟ್ಟದೆ ಎದ್ದುಹೋದರು. ಸುದ್ದಿ ಸಂತೆಯಿಂದ ಸಂತೆಗೆ ನಡೆಯಿತು. ಮತ್ತೆ ಯಾರೂ ಬರಲಿಲ್ಲ.

ಚಿಕ್ಕಮಾದು ಆಷಾಢವನ್ನು ಲೆಕ್ಕಕ್ಕೆ ಇಡಲಿಲ್ಲ. ಅವನಿಗೆ ವೈಶಾಖದವರೆಗೆ ಕಾಯುವ ಪುರಸೊತ್ತೂ ಇರಲಿಲ್ಲ. "ನಾಕು ದನ ಅವೆ, ಮಗಾ ಅದೆ. ಒಲೆ ಅಚ್ಚೋರಿಲ್ಲ ಕಣಕ್ಕ," ಅಂದ. ಮಾಘದಲ್ಲಿ ಮದುವೆಯಾಯಿತು. ಪರೀಕ್ಷೆ ನಡೆದ ವಾರ ಪುಟ್ಟಮಾದಮ್ಮ ಕೋಟೆ ಸೀಮೆಯ ಆ ಊರಿನಲ್ಲಿ ಹುರುಳಿ ಬಡಿಯುತ್ತಿದ್ದಳು. ವೀರಭದ್ರಸ್ವಾಮಿ ಮೇಷ್ಟ್ರು ಅವಳ ಪ್ರವೇಶಪತ್ರವನ್ನು ತಂದು ಕುಳ್ಳಮ್ಮನ ಕೈಗೆ ಕೊಟ್ಟು ಹೋದರು. ಮುಂದಿನ ವರ್ಷವೂ ನಕ್ಷೆ ಹಾಕಿಸಿದರಂತೆ, ಹೆಣ್ಣುಮಕ್ಕಳ ಗೆರೆ ಇಲ್ಲದೆ. ಆ ವರ್ಷ ಎಂಟನೆಯಲ್ಲಿ ಹುಡುಗಿಯರೇ ಇರಲಿಲ್ಲ.

ಐವತ್ತೊಂಬತ್ತರ ಜೂನ್‌ನಲ್ಲಿ ಚಿಕ್ಕಮಾದುವಿನ ಮನೆಯ ಮುಂದೆ ಒಬ್ಬ ಹೊಸ ಮೇಷ್ಟ್ರು ನಿಂತರು. ಊರಿನಲ್ಲಿ ಆರು ತುಂಬಿದ ಮಕ್ಕಳೆಷ್ಟು, ಶಾಲೆಗೆ ಬಾರದವರೆಷ್ಟು ಎಂದು ಪಟ್ಟಿ ಮಾಡುತ್ತಿದ್ದರು. ಪುಟ್ಟಮಾದಮ್ಮ ಬಾಗಿಲಿಗೆ ಬಂದಳು. ಕಂಕುಳಲ್ಲಿ ಎಂಟು ತಿಂಗಳ ಮಗು, ಮತ್ತೆ ಬಸುರಿ. ಮೇಷ್ಟ್ರು ಹಾಳೆಯ ಮೇಲೆ ಎಳೆದಿದ್ದ ಅಂಕಣಗಳನ್ನು ಅವಳು ತಲೆಕೆಳಗಾಗಿಯೇ ಓದಿದಳು. ಹೆಸರು, ವಯಸ್ಸು, ಕಾರಣ.

"ಆ ಹುಡುಗಿ ನಿಮ್ಮದೇನವ್ವ?" ಅಂದರು ಮೇಷ್ಟ್ರು. ಸವತಿಯ ಮಗಳು ಚಿಕ್ಕಸಿದ್ದಮ್ಮ ಅಂಗಳದಲ್ಲಿ ಬೆರಣಿ ತಟ್ಟುತ್ತಿದ್ದಳು.

"ಹೂಂ."

"ವಯಸ್ಸೆಷ್ಟು?"

ಚಿಕ್ಕಸಿದ್ದಮ್ಮನಿಗೆ ಎಂಟು ತುಂಬಿತ್ತು. ಅವಳನ್ನು ಶಾಲೆಗೆ ಕಳಿಸಿದರೆ ಮಗುವನ್ನು ಎತ್ತಿಕೊಳ್ಳುವವರಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವವರಿಲ್ಲ. ಹೆರಿಗೆ ಭಾದ್ರಪದಕ್ಕೆ. ಪುಟ್ಟಮಾದಮ್ಮ ಇದೆಲ್ಲವನ್ನೂ ಮೇಷ್ಟ್ರು ಪೆನ್ಸಿಲ್ ನಾಲಿಗೆಗೆ ತಾಗಿಸುವಷ್ಟರಲ್ಲಿ ಕೂಡಿ ಕಳೆದಿದ್ದಳು.

"ಐದು," ಅಂದಳು.

ಹುಡುಗಿ ಸಗಣಿಗೈಯಲ್ಲೇ ತಲೆಯೆತ್ತಿ ನೋಡಿದಳು. ಮೇಷ್ಟ್ರು ಸಂಶಯದಿಂದ ಅವಳ ಎತ್ತರವನ್ನು ಒಮ್ಮೆ ಅಳೆದರು.

"ನಿಜವಾಗ್ಲೂ ಐದೇನಮ್ಮ? ತಪ್ಪು ಬರೆಸಿದರೆ ಲೆಕ್ಕ ಕೆಡ್ತದೆ."

"ಗೊತ್ತು ಸಾರ್," ಅಂದಳು ಪುಟ್ಟಮಾದಮ್ಮ. "ಐದೇ."

ಅವರು ಬರೆದುಕೊಂಡು ಮುಂದಿನ ಮನೆಗೆ ನಡೆದರು. ಅವಳು ಚಿಕ್ಕಸಿದ್ದಮ್ಮನನ್ನು ಕರೆದು, ಕೈ ತೊಳೆದುಕೊಳ್ಳಲು ಹೇಳಿ, ಮಗುವನ್ನು ಅವಳ ಸೊಂಟಕ್ಕೆ ಕೂರಿಸಿದಳು.